ಅಕ್ಷರ ಬೇಯಿಸುವ ಟೀಚರಕ್ಕ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಜೈಲಿನ ಬೇಕರಿಯಲ್ಲಿ ಆಗಲೇ ಒಲೆ ಹೊತ್ತಿಕೊಂಡಿದೆ. ಉದ್ದನೆಯ ಕಬ್ಬಿಣದ ಮೇಜಿನ ಒಂದು ತುದಿಯಲ್ಲಿ ಇವತ್ತಿನ ಬ್ರೆಡ್ಡಿನ ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಉಬ್ಬುತ್ತಾ ಕೂತಿದೆ. ಇನ್ನೊಂದು ತುದಿಯಲ್ಲಿ ಹತ್ತು ಹನ್ನೆರಡು ಗಂಡಸರು ತೋಳು ಮಡಚಿ, ತುಟಿ ಕಚ್ಚಿ, ಹಿಟ್ಟನ್ನು ಹಾವಿನಂತೆ ಉದ್ದುದ್ದ ಹೊಸೆಯುತ್ತಿದ್ದಾರೆ. ಹೊಸೆದದ್ದನ್ನು ಸುತ್ತುತ್ತಾರೆ, ಬಗ್ಗಿಸುತ್ತಾರೆ, ತುದಿ ಚಿವುಟುತ್ತಾರೆ. ಮೇಜಿನ ಮೇಲೆ ಒಂದೊಂದಾಗಿ ಅಕ್ಷರಗಳು ಎದ್ದು ಕೂರುತ್ತಿವೆ.

"ಧ ಎಲ್ರಪ್ಪಾ? ನಂಗಿಲ್ಲಿ ಬರೀ ದ ಕಾಣ್ತಾ ಇದೆ. ಹೊಟ್ಟೆಗೆ ಗೀರು ಹಾಕೋರು ಯಾರು, ನಾನಾ?"

ಹಿಂದಿನಿಂದ ಗದರಿದ ಹೆಂಗಸಿಗೆ ಐವತ್ತು ದಾಟಿದೆ. ಎತ್ತರ ಆ ಗಂಡಸರ ಭುಜದಷ್ಟು. ಮಾಸಿದ ನೀಲಿ ಏಪ್ರನ್, ಮೂಗಿನ ತುದಿಗೆ ಜಾರಿದ ಕನ್ನಡಕ, ಕೆನ್ನೆಯ ಮೇಲೆ ಯಾವಾಗಲೋ ಮೆತ್ತಿಕೊಂಡ ಹಿಟ್ಟು. ಇವರು ಈ ಜೈಲಿನ ಶಾಲೆಗೆ ಇರುವ ಒಬ್ಬರೇ ಶಿಕ್ಷಕಿ. ಕೈದಿಗಳಿಗೂ ವಾರ್ಡರುಗಳಿಗೂ ಇವರು ಟೀಚರಕ್ಕ. ಸೂಪರಿಂಟೆಂಡೆಂಟ್ ಸಾಹೇಬರು ಕೂಡ ಮೀಟಿಂಗಿನಲ್ಲಿ ಬಾಯ್ತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಾರಂತೆ.

ಶಾಲೆ ಇಷ್ಟು ಬೆಳಿಗ್ಗೆ ಯಾಕೆ ಎಂದರೆ, ಎಂಟು ಗಂಟೆಗೆ ಎಲ್ಲರೂ ಮರಗೆಲಸ, ಹೊಲಿಗೆ, ತೋಟ ಎಂದು ಕೆಲಸಕ್ಕೆ ಚದುರಿಬಿಡುತ್ತಾರೆ. ಪಾಠ ಅದಕ್ಕೂ ಮೊದಲೇ ಮುಗಿಯಬೇಕು. ಅದಕ್ಕೇ ಟೀಚರಕ್ಕ ಊರಿನ ಮೊದಲ ಬಸ್ಸಿಗೇ ಹತ್ತುತ್ತಾರೆ. "ಆ ಬಸ್ಸಲ್ಲಿ ಡ್ರೈವರು, ಕಂಡಕ್ಟರು, ನಾನು. ಮೂರೂ ಜನ ಆಕಳಿಸ್ಕೊಂಡು ಹೋಗ್ತೀವಿ. ಒಬ್ರು ಆಕಳಿಸಿದ್ರೆ ಮುಗೀತು, ಉಳಿದೋರಿಗೂ ಅಂಟುತ್ತೆ" ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳಿ ನಗುತ್ತಾರೆ.

ಆದರೆ ಇವತ್ತು ಬೇಕರಿಯಲ್ಲಿ ಯಾರೂ ಆಕಳಿಸುತ್ತಿಲ್ಲ. ಇವತ್ತು ಮಕ್ಕಳು ಭೇಟಿಗೆ ಬರುವ ದಿನ. ಮೇಜಿನ ಮೂಲೆಯಲ್ಲಿ ನಿಂತ ಅಗಲ ಎದೆಯ, ನಲವತ್ತರ ಆಸುಪಾಸಿನ ಒಬ್ಬ ಗಂಡಸು ಹಿಟ್ಟನ್ನು ಹೊಸೆಯುತ್ತಿದ್ದಾನೋ ಹಿಸುಕುತ್ತಿದ್ದಾನೋ ಗೊತ್ತಾಗುವುದಿಲ್ಲ. ಅವನಿಗೆ ಇಲ್ಲಿ 'ಲಾರಿ' ಎಂದು ಹೆಸರು. ಒಳಗೆ ಬರುವ ಮೊದಲು ಇಪ್ಪತ್ತು ವರ್ಷ ಲಾರಿ ಓಡಿಸಿದವನು. ಹತ್ತು ಗಂಟೆಗೆ ಅವನ ಎಂಟು ವರ್ಷದ ಮಗಳು ಬರುತ್ತಾಳೆ. ಶಾಲೆಯ ಪುಸ್ತಕ ತರುತ್ತಾಳೆ. ಅವನು ಬಾಳಿನಲ್ಲಿ ಮೊದಲ ಸಲ ಅವಳಿಗೆ ಒಂದು ಪಾಠ ಓದಿ ಹೇಳಲಿದ್ದಾನೆ.

"ನಿನ್ನೆಯಿಂದ ಊಟ ಮಾಡಿಲ್ಲ ಇವ್ನು" ಎಂದು ಪಕ್ಕದವನು ಚಾಡಿ ಹೇಳುತ್ತಾನೆ.

"ಸುಮ್ನಿರೋ, ಗಂಟಲಲ್ಲಿ ಪಾಠ ತುಂಬ್ಕೊಂಡಿದೆ, ಅನ್ನ ಎಲ್ಲಿ ಇಳಿಯುತ್ತೆ" ಎನ್ನುತ್ತಾನೆ ಲಾರಿ. ಮೇಜಿನ ಸುತ್ತ ನಗೆ ಹಬ್ಬುತ್ತದೆ. ಟೀಚರಕ್ಕನೂ ನಗುತ್ತಾರೆ, ಆದರೆ ಅವರ ಕಣ್ಣು ಪದೇಪದೇ ಗೋಡೆ ಗಡಿಯಾರದ ಕಡೆಗೇ ಹೋಗುತ್ತಿದೆ.

ಟೀಚರಕ್ಕ ಜೈಲಿಗೆ ಬಂದು ಹನ್ನೊಂದು ವರ್ಷವಾಯಿತು. ಅದಕ್ಕೂ ಮುಂಚೆ ಮನೆಯ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು. ಮಕ್ಕಳು ಕಡಿಮೆಯಾಗಿ ಆ ಶಾಲೆ ಮುಚ್ಚಿತು. ಜೈಲಿನಲ್ಲಿ ಪಾಠ ಮಾಡಲು ಜನ ಬೇಕು ಎಂಬ ಪ್ರಕಟಣೆ ಕಂಡು ಅರ್ಜಿ ಹಾಕಿದರು. ಅರ್ಜಿ ಹಾಕಿದವರು ಅವರೊಬ್ಬರೇ.

"ಅತ್ತೆಗೆ ಹೇಳಿದಾಗ ಅವರು ಬೀದಿಯವರಿಗೆ ಹೇಳ್ಬೇಡ ಅಂದ್ರು. ಈಗ ನೋಡಿ, ಯಾರಾದ್ರೂ ನಾನೆಲ್ಲಿ ಅಂತ ಕೇಳಿದ್ರೆ 'ಸೊಸೆ ಜೈಲಲ್ಲಿದಾಳೆ' ಅಂತ ಗಟ್ಟಿಯಾಗಿ ಹೇಳಿ, ಕೇಳಿದೋರ ಮುಖ ನೋಡ್ತಾ ಮಜಾ ತಗೋತಾರೆ." ಗಂಡ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಬೆಳಗಿನ ಚಹಾ ಮಾಡಿ ಫ್ಲಾಸ್ಕಿಗೆ ತುಂಬಿ ಕೊಡುವುದು ಅವರ ಪಾಲಿನ ಕೆಲಸ. ಆ ಫ್ಲಾಸ್ಕು ಮೊದಲ ಗೇಟಿನಲ್ಲೇ ಉಳಿಯುತ್ತದೆ. ಒಳಗೆ ಬಿಡುವುದಿಲ್ಲ. "ಹನ್ನೊಂದು ವರ್ಷದಿಂದ ಆ ಚಹಾ ಗೇಟಿನ ವಾರ್ಡರೇ ಕುಡೀತಾರೆ. ನಮ್ಮೆಜಮಾನ್ರಿಗೆ ಇನ್ನೂ ಗೊತ್ತಿಲ್ಲ. ನೀವು ಬರೀಬೇಡಿ" ಎನ್ನುತ್ತಾರೆ. ಬರೆಯುತ್ತಿದ್ದೇನೆ, ಯಜಮಾನರು ಕ್ಷಮಿಸಬೇಕು.

ಮೊದಲ ದಿನ ಕೊಟ್ಟ ಕೋಣೆಯಲ್ಲಿ ಮುರಿದ ಮಂಚಗಳನ್ನು ಪೇರಿಸಿದ್ದರಂತೆ. ಇಪ್ಪತ್ತು ಜನರನ್ನು ಒಳಗೆ ಕಳಿಸಿ ಬಾಗಿಲು ಎಳೆದುಕೊಂಡರು. ಇಪ್ಪತ್ತೂ ಜನ ಗೋಡೆಗೆ ಮುಖ ಮಾಡಿ ಕೂತರು. "ಮೊದಲ ವಾರ ನಾನು ಬೆನ್ನುಗಳಿಗೇ ಪಾಠ ಮಾಡಿದೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಕೊಂಡು ಅಳ್ತಿದ್ದೆ."

ಅವರು ಒಯ್ದಿದ್ದು ಮಕ್ಕಳ ಅಕ್ಷರಮಾಲೆ. ಅರಸ, ಆನೆ, ಇಲಿ. ಎರಡನೇ ವಾರ ಒಬ್ಬ ಬೆನ್ನು ತಿರುಗಿಸಿ ಮುಖ ತೋರಿಸಿದ. ಹೇಳಿದ್ದು ಇಷ್ಟೇ: "ಮೇಡಂ, ನಂಗೆ ಮೂರು ಮಕ್ಕಳಿದಾರೆ. ಆನೆ ಇಲಿ ಎಲ್ಲ ಅವ್ರು ಓದ್ಲಿ ಬಿಡಿ." ಟೀಚರಕ್ಕ ಆ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದರು. ಸರಿ, ನಿಮಗೆ ಯಾವ ಮಾತು ಬರೆಯೋಕೆ ಬರಬೇಕು, ಹೇಳಿ ಎಂದರು. ಗೋಡೆಯ ಕಡೆಯಿಂದ ಒಂದೊಂದೇ ದನಿ ಎದ್ದಿತು. ಜಾಮೀನು. ವಕೀಲ. ಬಿಡುಗಡೆ. ಅಮ್ಮ.

"ಅವತ್ತಿಂದ ನಮ್ಮ ಶಾಲೇಲಿ ಜಾ ಅಂದ್ರೆ ಜಾಮೀನು, ವ ಅಂದ್ರೆ ವಕೀಲ. ತಿಂಗಳೊಳಗೆ ಇಪ್ಪತ್ತೂ ಮುಖ ನನ್ನ ಕಡೆ ತಿರುಗಿದ್ವು."

ಹೊಸದಾಗಿ ಬಂದವರನ್ನು ಈಗ ಅವರೇ ಕೂರಿಸಿಕೊಂಡು ಮಾತಾಡಿಸುತ್ತಾರೆ. ಯಾಕೆ ಬಂದೆ ಎಂದು ಕೇಳುವುದಿಲ್ಲ. ಎಷ್ಟು ದಿನ ಇರಬೇಕಾಗಬಹುದು ಎಂದು ಮಾತ್ರ ಕೇಳುತ್ತಾರೆ. ಪಾಠ ಅದಕ್ಕೆ ತಕ್ಕಂತೆ. ಎರಡು ತಿಂಗಳು ಇರುವವನಿಗೆ ಹೆಸರು, ವಿಳಾಸ, ಅರ್ಜಿಯಲ್ಲಿ ಎಲ್ಲಿ ಸಹಿ ಹಾಕಬೇಕು ಎಂಬುದು. ಎರಡು ವರ್ಷ ಇರುವವನಿಗೆ ಹತ್ತನೇ ತರಗತಿಯ ಪರೀಕ್ಷೆಯ ಆಸೆ ಹಚ್ಚುತ್ತಾರೆ. ಅವರ ಅಂದಾಜಿನಲ್ಲಿ ಇಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಐದನೇ ತರಗತಿ ದಾಟಿದವರಲ್ಲ. ಕೆಲವರಿಗೆ ಓದಲು ಬರುತ್ತದೆ, ಓದಿದ್ದು ತಿಳಿಯುವುದಿಲ್ಲ. ಕೆಲವರಿಗೆ ಲೆಕ್ಕ ಬಾಯಲ್ಲಿ ಪಟಪಟ, ಕಾಗದದ ಮೇಲೆ ಸೊನ್ನೆ. ಕಣ್ಣು ಸರಿಯಿಲ್ಲದೆ ಶಾಲೆ ಬಿಟ್ಟವರಿದ್ದಾರೆ. ಒಬ್ಬ ಅಜ್ಜನಿಗೆ ಕನ್ನಡಕ ಕೊಡಿಸಿದ ದಿನ ಅವನು ಕಪ್ಪುಹಲಗೆ ನೋಡಿ, "ಅಯ್ಯೋ, ಅಲ್ಲಿ ಏನೋ ಬರ್ದಿದೀರಲ್ಲಾ!" ಎಂದನಂತೆ. ಅಲ್ಲಿಯವರೆಗೆ ಟೀಚರಕ್ಕ ಬರೀ ಕೈ ಆಡಿಸುತ್ತಿದ್ದಾರೆ ಎಂದುಕೊಂಡಿದ್ದನಂತೆ.

ಓದಿದವರ ಕಥೆಯೇ ಬೇರೆ. ಬೇಕರಿಯ ಮುಖ್ಯಸ್ಥನೂ ಒಬ್ಬ ಕೈದಿಯೇ. ಎಲ್ಲರೂ ಅವನನ್ನು 'ಬಿಕಾಂ' ಎಂದು ಕರೆಯುತ್ತಾರೆ, ಯಾಕೆಂದರೆ ಅವನು ಬಂದ ದಿನವೇ ತಾನು ಬಿಕಾಂ ಮುಗಿಸಿದವನು ಎಂದು ಬ್ಯಾರಕ್ಕಿಗೆಲ್ಲ ಸಾರಿದ್ದ. ಹಿಟ್ಟು, ಒಲೆ, ತಟ್ಟೆ ಎಲ್ಲ ಅವನ ಸುಪರ್ದಿನಲ್ಲಿ. ತೆಳ್ಳಗೆ, ನೀಟಾಗಿ ತಲೆ ಬಾಚಿ, ಯಾರ ಜೊತೆಯೂ ಹೆಚ್ಚು ಮಾತಿಲ್ಲದೆ ಇದ್ದವನು. ಅವನ ವಿಷಯ ಮುಂದೆ ಬರುತ್ತದೆ.

ಲಾರಿ ಒಳಗೆ ಬಂದದ್ದು ಎರಡು ವರ್ಷದ ಹಿಂದೆ. ಎಷ್ಟು ಓದಿದೀಯಪ್ಪಾ ಎಂದು ಕೇಳಿದರೆ ಕಣ್ಣು ಮಿಟುಕಿಸದೆ "ಹತ್ತು ಪಾಸ್" ಎಂದ. ಟೀಚರಕ್ಕ ಅವನನ್ನು ಮೇಲಿನ ತರಗತಿಗೆ ಹಾಕಿದರು. ಅಲ್ಲಿ ಅವನ ಕಾಟ ಹೇಳತೀರದು. ಶಿಳ್ಳೆ ಹೊಡೆಯುವುದು, ಪಕ್ಕದವನ ಪೆನ್ಸಿಲ್ ಮುರಿಯುವುದು, ಪಾಠದ ನಡುವೆ ಹಾರ್ನಿನ ಸದ್ದು ಮಾಡುವುದು. ಇವನನ್ನು ಬಿಟ್ಟುಬಿಡಿ ಟೀಚರಕ್ಕಾ, ತಲೆನೋವು ಎಂದು ವಾರ್ಡರು ಹೇಳಿದ್ದರು.

ಒಂದು ದಿನ ಎಲ್ಲರಿಗೂ ಪತ್ರಿಕೆಯ ತುಣುಕು ಕೊಟ್ಟು ಓದಿಸಿದರು. ಲಾರಿಯ ಸರದಿ ಬಂತು. ಎದ್ದು ನಿಂತು, ಪತ್ರಿಕೆಯನ್ನು ಸರಿಯಾಗೇ ಹಿಡಿದು, ಸೇತುವೆಯೊಂದರ ಬಗ್ಗೆ ಸರಾಗವಾಗಿ ಓದಿದ. ಎಷ್ಟು ಟನ್ನಿನ ಲಾರಿ ಅದರ ಮೇಲೆ ಹೋಗಬಹುದು, ಮಳೆಗಾಲದಲ್ಲಿ ಎಲ್ಲಿ ಜಾರುತ್ತದೆ ಎಂದೆಲ್ಲ. ತರಗತಿ ಬಾಯಿ ಬಿಟ್ಟುಕೊಂಡು ಕೇಳಿತು.

"ಅಷ್ಟು ಚೆನ್ನಾಗಿ ಓದಿದ. ಆದ್ರೆ ಆ ಸುದ್ದಿ ಇದ್ದದ್ದು ಮೀನಿನ ಮಾರುಕಟ್ಟೆ ಬಗ್ಗೆ! ಸೇತುವೆ ಬರೀ ಚಿತ್ರದಲ್ಲಿತ್ತು. ಅವನು ಚಿತ್ರ ನೋಡಿ ಕಥೆ ಕಟ್ಟಿದ್ದ." ಟೀಚರಕ್ಕ ಎಲ್ಲರೆದುರು ಅವನ ಗುಟ್ಟು ಬಯಲು ಮಾಡಲಿಲ್ಲ. ಚೆನ್ನಾಗಿದೆ, ಕೂತ್ಕೋ ಎಂದರು.

ತರಗತಿ ಮುಗಿದ ಮೇಲೆ ಅವನೊಬ್ಬನನ್ನೇ ನಿಲ್ಲಿಸಿಕೊಂಡು ಕೇಳಿದರು: "ಇಪ್ಪತ್ತು ವರ್ಷ ರಸ್ತೆ ಬದಿ ಬೋರ್ಡು ಹೇಗಪ್ಪಾ ನೋಡ್ಕೊಂಡೆ?"

ಲಾರಿ ನೆಲ ನೋಡುತ್ತಲೇ ಒಪ್ಪಿಕೊಂಡ: "ಬೋರ್ಡು ಎಷ್ಟುದ್ದ ಇದೆ, ಯಾವ ಬಣ್ಣ, ಪಕ್ಕದಲ್ಲಿ ಯಾವ ಮರ, ಅದನ್ನ ನೆನಪಿಟ್ಕೊಳ್ತಿದ್ದೆ. ಮರ ಕಡಿದ್ರೆ ನನ್ನ ಗತಿ ಅಷ್ಟೇ." ಆಮೇಲೆ ದನಿ ತಗ್ಗಿಸಿ ಹೇಳಿದ: "ನಂಗೆ ಅಕ್ಷರ ನಿಲ್ಲಲ್ಲ ಟೀಚರಕ್ಕಾ. ಕುಣೀತವೆ. ವ ನೋಡ್ದೆ ಅಂದ್ಕೊಳ್ಳೋದ್ರೊಳಗೆ ಮ ಆಗಿರುತ್ತೆ. ಒಂದನೇ ಕ್ಲಾಸಲ್ಲೇ ಮೇಷ್ಟ್ರಿಗೆ ಹೇಳ್ದೆ. ಅವ್ರು ನಂಗೆ ಹೊಡೆದ್ರು. ಅಕ್ಷರಕ್ಕೆ ಹೊಡೀಲಿಲ್ಲ, ಅವು ಕುಣೀತಾನೇ ಇದ್ವು."

ಮಗಳು ಭೇಟಿಗೆ ಬಂದಾಗಲೆಲ್ಲ ಪುಸ್ತಕ ತರುತ್ತಾಳೆ, ಅಪ್ಪಾ ಓದಿ ಹೇಳು ಎನ್ನುತ್ತಾಳೆ, ಕಣ್ಣು ಉರಿ ಕಣಮ್ಮ ಎಂದು ತಾನು ಪ್ರತಿ ಸಲ ತಪ್ಪಿಸಿಕೊಳ್ಳುತ್ತೇನೆ ಎಂದೂ ಅವತ್ತೇ ಹೇಳಿದ. ಕಳೆದ ಸಲ ಅವಳು ಕಣ್ಣಿಗೆ ಹಾಕುವ ಔಷಧಿ ತಂದುಬಿಟ್ಟಿದ್ದಳಂತೆ.

ಟೀಚರಕ್ಕನಿಗೆ ಅಂಥವರಿಗೆ ಕಲಿಸಿ ಗೊತ್ತಿರಲಿಲ್ಲ. ಊರಿನಲ್ಲಿ ಕಲಿಕೆಯ ತೊಂದರೆ ಇರುವ ಮಕ್ಕಳಿಗೆಂದೇ ಇರುವ ಶಾಲೆಯೊಂದಕ್ಕೆ ಹೋಗಿ, ನಾನು ಹಿಂದಿನ ಬೆಂಚಲ್ಲಿ ಕೂತು ನೋಡಬಹುದಾ ಎಂದು ಕೇಳಿದರು. ಅಲ್ಲಿನ ಹಿರಿಯ ಶಿಕ್ಷಕಿ ಕೂರಿಸಿಕೊಂಡರು. ಕೆಲವು ತಿಂಗಳು ರಜೆಯ ದಿನಗಳೆಲ್ಲ ಆ ಬೆಂಚಿನ ಮೇಲೇ ಕಳೆದವು. "ಅವ್ರು ಒಂದು ಮಾತು ಹೇಳಿದ್ರು. ಕಣ್ಣಿಗೆ ನಿಲ್ಲದ ಅಕ್ಷರ ಕೈಗೆ ನಿಲ್ಲುತ್ತೆ, ಕೈಯಲ್ಲಿ ಮಾಡಿಸಿ ಅಂತ. ಆ ಮಕ್ಕಳು ಜೇಡಿಮಣ್ಣಲ್ಲಿ ಅಕ್ಷರ ಮಾಡ್ತಿದ್ರು. ನಂಗೆ ಕುಣಿದಾಡೋ ಹಾಗಾಯ್ತು. ಬೆಳಿಗ್ಗೆ ಎದ್ದು ಸೀದಾ ಸೂಪರಿಂಟೆಂಡೆಂಟ್ ಸಾಹೇಬ್ರ ಹತ್ರ ಓಡಿದೆ."

ಸಾಹೇಬರು ಹೌಹಾರಿದರು. "ಜೇಡಿಮಣ್ಣಾ? ಜೈಲೊಳಗಾ? ಕೀಲಿಕೈಯ ಅಚ್ಚು ತೆಗೀತಾರಮ್ಮಾ!"

ಮಣ್ಣು ಬೇಡ, ಹಗ್ಗ ಕೊಡಿ ಎಂದರು ಟೀಚರಕ್ಕ. ಹಗ್ಗದ ಮಾತೆತ್ತಲೇಬೇಡಿ ಎಂದರು ಸಾಹೇಬರು. ತಂತಿ? ಸಾಹೇಬರು ಬಾಗಿಲಿನ ಕಡೆ ಕೈ ತೋರಿಸಿದರು. ಸೋತ ಮುಖ ಹೊತ್ತು ಹೊರಗೆ ಬರುವಾಗ ಅಂಗಳದ ಆಚೆಯಿಂದ ಬಿಸಿ ಬ್ರೆಡ್ಡಿನ ವಾಸನೆ ಬಂತು. ಟೀಚರಕ್ಕ ಅಲ್ಲೇ ನಿಂತರು. ಮತ್ತೆ ತಿರುಗಿ ಒಳಗೆ ಹೋದರು.

"ಹಿಟ್ಟಲ್ಲೂ ಅಚ್ಚು ತೆಗೀಬಹುದಲ್ಲಮ್ಮಾ" ಎಂದರು ಸಾಹೇಬರು.

"ತೆಗೀಬಹುದು ಸರ್. ಆದ್ರೆ ಪಾಠ ಮುಗಿದ ತಕ್ಷಣ ಒಲೆಗೆ ಹಾಕಿ, ಸಾಕ್ಷಿನೆಲ್ಲ ತಿಂದುಬಿಡ್ತೀವಿ."

ಸಾಹೇಬರು ನಕ್ಕುಬಿಟ್ಟರಂತೆ. ಆ ನಗೆಯಲ್ಲೇ ಒಪ್ಪಿಗೆ ಸಿಕ್ಕಿತು.

ಬೇಕರಿ ಶಾಲೆ ಶುರುವಾದದ್ದು ಹೀಗೆ. ಲಾರಿಯೊಬ್ಬನಿಗೇ ಎಂದು ಆರಂಭಿಸಿದ್ದಕ್ಕೆ ವಾರದೊಳಗೆ ಇನ್ನೂ ಏಳೆಂಟು ಜನ ಮೆಲ್ಲನೆ ಬಂದು ಸೇರಿದರು. ಅವರೂ ಹತ್ತು ಪಾಸ್, ಎಂಟು ಪಾಸ್ ಎಂದು ಹೇಳಿಕೊಂಡಿದ್ದವರೇ! ವ ಮಾಡಿ ಬಾಲ ಹಚ್ಚಿದರೆ ಮ. ಪ ಮಾಡಿ ಹೊಟ್ಟೆಯೊಳಗೆ ಗೀರಿದರೆ ಷ. ಕೊಂಬು, ಗುಡಿಸು, ಏತ್ವ ಎಲ್ಲಕ್ಕೂ ಬೇರೆ ಬೇರೆ ಹಿಟ್ಟಿನ ತುಂಡು. ಮಾಡಿದ ಅಕ್ಷರದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಬೇಕು, ಹೆಸರು ಹೇಳಬೇಕು, ಆಮೇಲೆ ಒಲೆಗೆ. ಸರಿಯಾಗಿ ಹೇಳಿದವನಿಗೆ ಅವನ ಅಕ್ಷರ ತಿನ್ನುವ ಹಕ್ಕು. ತಪ್ಪಿದರೆ ಪಕ್ಕದವನಿಗೆ.

"ಮೊದಲ ತಿಂಗಳು ಲಾರಿ ಒಂದೂ ಅಕ್ಷರ ತಿನ್ಲಿಲ್ಲ. ಪಕ್ಕದೋನು ದಪ್ಪ ಆದ" ಎಂದು ಟೀಚರಕ್ಕ ನಗುತ್ತಾರೆ. "ಒಂದಿನ ಕಣ್ಣು ಮುಚ್ಚಿ ಬೆರಳಾಡಿಸಿ 'ಮ' ಅಂದ. ಕಣ್ಣು ಬಿಟ್ಟು ನೋಡಿ ಮತ್ತೆ 'ಮ' ಅಂದ. ಕುಣೀತಾ ಇದೆಯೇನೋ ಅಂತ ಕೇಳ್ದೆ. ಇಲ್ಲ ಟೀಚರಕ್ಕಾ, ನಿಂತಿದೆ, ನಿಂತೇ ಇದೆ ಅಂದ. ಆ ಅಕ್ಷರ ತಿನ್ಲಿಲ್ಲ ಅವನು. ಗಟ್ಟಿ ಕಲ್ಲಾಗೋವರೆಗೂ ಇಟ್ಕೊಂಡಿದ್ದ. ಕೊನೆಗೆ ಇರುವೆ ತಿಂದ್ವು."

ಆದರೆ ಬೇಕರಿಯ ಇನ್ನೊಂದು ತುದಿಯಲ್ಲಿ ಹೊಗೆಯಾಡುತ್ತಿತ್ತು. ಬಿಕಾಂಗೆ ಈ ಶಾಲೆ ಕಂಡರಾಗದು. ತನ್ನ ಹಿಟ್ಟು ಪೋಲು, ಮೇಜು ಹೊಲಸು, ಬ್ರೆಡ್ಡು ತಡ ಎಂದು ಗೊಣಗುತ್ತಿದ್ದ. ಈಗ್ಗೆ ಮೂರು ವಾರದ ಹಿಂದೆ, ಲಾರಿ ಕಾಗುಣಿತ ತಪ್ಪಿದಾಗ, ಬಿಕಾಂ ಎಲ್ಲರಿಗೂ ಕೇಳುವಂತೆ ಹೇಳಿದ: "ನೋಡ್ರಪ್ಪಾ, ನಲವತ್ತು ವರ್ಷದ ಎಲ್‌ಕೆಜಿ ಪಾಪು."

ಲಾರಿ ಕೈಗೆ ಸಿಕ್ಕ ತಟ್ಟೆ ಎತ್ತಿ ಬೀಸಿದ. ಬಿಕಾಂ ತಪ್ಪಿಸಿಕೊಂಡ. ತಟ್ಟೆ ಹಿಟ್ಟಿನ ಮೂಟೆಗೆ ಬಡಿದು, ಬೇಕರಿ ತುಂಬ ಬಿಳಿ ಮೋಡ ಎದ್ದಿತು. ಶಿಳ್ಳೆಗಳು ಮೊಳಗಿದವು, ವಾರ್ಡರುಗಳು ಓಡಿಬಂದರು. ಸಂಜೆಯೊಳಗೆ ಸಾಹೇಬರ ಆದೇಶ ಬಂತು. ಲಾರಿಗೆ ಬೇಕರಿಯೂ ಇಲ್ಲ, ಪಾಠವೂ ಇಲ್ಲ, ಈ ತಿಂಗಳ ಮಗಳ ಭೇಟಿಯೂ ಇಲ್ಲ.

ಟೀಚರಕ್ಕ ಮನೆಗೆ ಹೋಗುವ ಬಸ್ಸು ಬಿಟ್ಟು ಸಾಹೇಬರ ಬಾಗಿಲಲ್ಲಿ ನಿಂತರು.

"ತಪ್ಪು ಮಾಡಿದಾನೆ. ಶಿಕ್ಷೆ ಕೊಡಿ ಸರ್. ಪಾತ್ರೆ ತೊಳಿಸಿ, ಅಂಗಳ ಗುಡಿಸಿ, ಏನ್ ಬೇಕಾದ್ರೂ ಮಾಡ್ಸಿ. ಪಾಠ ಮಾತ್ರ ನಿಲ್ಲಿಸ್ಬೇಡಿ. ಪಾಠ ಅವನಿಗೆ ಬಹುಮಾನ ಅಲ್ಲ, ಔಷಧಿ. ಜಗಳ ಆಡ್ದ ಅಂತ ಆಸ್ಪತ್ರೇಲಿ ಔಷಧಿ ನಿಲ್ಲಿಸ್ತಾರಾ?"

ಸಾಹೇಬರು ಕುರ್ಚಿ ಹಿಂದಕ್ಕೆ ಒರಗಿಸಿದರು. ಅವರಿಗೂ ಅವರ ಕಷ್ಟ. ಆರುನೂರು ಜನರನ್ನು ಒಂದು ಗೋಡೆಯೊಳಗೆ ಶಾಂತವಾಗಿ ಇಡಬೇಕಾದವರು. ಕಡೆಗೆ ಹೇಳಿದರು: "ಮೂರು ವಾರ ಪಾತ್ರೆ ತೊಳೀಲಿ. ಪಾಠಕ್ಕೂ ಬರಲಿ, ಮಗಳನ್ನೂ ನೋಡಲಿ. ಆದ್ರೆ ಇನ್ನೊಂದು ಸಲ ತಟ್ಟೆ ಹಾರಿದ್ರೆ ಬೇಕರಿ ಶಾಲೆಗೆ ಬೀಗ. ಇಬ್ರನ್ನೂ ಸರಿಮಾಡೋ ಜವಾಬ್ದಾರಿ ನಿಮ್ದು."

ಟೀಚರಕ್ಕ ಮರುದಿನ ಬಿಕಾಂ ಎದುರು ಸ್ಟೂಲು ಎಳೆದುಕೊಂಡು ಕೂತರು. ಬೈಯುತ್ತಾರೆ ಎಂದುಕೊಂಡಿದ್ದ ಅವನು ಮುಖ ಬಿಗಿದುಕೊಂಡೇ ಹಿಟ್ಟು ನಾದಿದ. ಅವರು ಕೇಳಿದ್ದು, "ನಿಂಗೆ ಕಾಲೇಜಲ್ಲಿ ಯಾವ ವಿಷಯ ಇಷ್ಟ ಇತ್ತು?"

ಬಿಕಾಂನ ಕೈ ನಿಂತಿತು. ಈ ಮಾತನ್ನು ಅವನೇ ನನಗೆ ಹೇಳುತ್ತಾನೆ, ಒಲೆಯ ಬಾಗಿಲು ತೆರೆಯುತ್ತಾ: "ಹದಿನೈದು ವರ್ಷ ಓದಿದೀನಿ ಸರ್ ನಾನು. ಇಲ್ಲಿ ಬಂದ್ಮೇಲೆ ಎಲ್ರೂ ಅದನ್ನ ತಮಾಷೆ ಮಾಡಿದ್ರು. ಏನು ಓದ್ದೆ, ಏನು ಇಷ್ಟ ಅಂತ ಒಬ್ರೂ ಕೇಳಿರ್ಲಿಲ್ಲ. ಸಂಖ್ಯಾಶಾಸ್ತ್ರ ಅಂದೆ. ಎದುರುಗಡೆ ಆ ಲಾರಿ ಹಿಟ್ಟಲ್ಲಿ ಆಟ ಆಡ್ತಾ ದಿನಾ ಒಂದಿಷ್ಟು ಕಲೀತಿದಾನೆ, ನಾನು ಕಲ್ತಿದ್ದೆಲ್ಲ ದಿನಾ ಮರೀತಿದೀನಿ. ಅದು ಹೊಟ್ಟೆಕಿಚ್ಚು ಸರ್, ಇನ್ನೇನಲ್ಲ."

ಅವತ್ತೇ ಟೀಚರಕ್ಕ ಅವನಿಗೆ ಎರಡು ಕೆಲಸ ಹೊರಿಸಿದರು. ಪರೀಕ್ಷೆಗೆ ಕೂರುವವರಿಗೆ ಲೆಕ್ಕ ಹೇಳಿಕೊಡಬೇಕು. ಸಂಜೆ ಬ್ಯಾರಕ್ಕಿನಲ್ಲಿ ಲಾರಿಗೆ ಓದಿಸಬೇಕು. ದೂರಶಿಕ್ಷಣದಲ್ಲಿ ಎಂಕಾಂ ಓದಲು ಬೇಕಾದ ಪುಸ್ತಕಗಳನ್ನು ತಾವು ಹುಡುಕಿಕೊಡುವುದಾಗಿ ಹೇಳಿದರು.

ಮೊದಲೆರಡು ಸಂಜೆ ಲಾರಿ, ಬಿಕಾಂ ಇಬ್ಬರೂ ಮೂತಿ ತಿರುವಿಕೊಂಡೇ ಕೂತರಂತೆ. ಮೂರನೇ ಸಂಜೆ ಲಾರಿ ಪಾತ್ರೆ ತೊಳೆದ ಕೈ ಒರೆಸುತ್ತಾ ಬಂದು, "ಆ ಪಾಪು ಅಂದಿದ್ದು ನಂಗೆ ಚುಚ್ಚಿತು" ಎಂದ. ಬಿಕಾಂ, "ಆ ತಟ್ಟೆ ತಾಗಿದ್ರೆ ನಂಗೂ ಚುಚ್ಚೋದು" ಎಂದ. ಅಲ್ಲಿಗೆ ರಾಜಿ. ಮಗಳ ಪುಸ್ತಕದಲ್ಲಿ ಯಾವ ಪಾಠ ನಡೆಯುತ್ತಿದೆ ಎಂದು ಟೀಚರಕ್ಕ ಲಾರಿಯ ತಾಯಿಯನ್ನು ಫೋನಿನಲ್ಲಿ ಕೇಳಿದರು. ಕನ್ನಡಕ ಹಾಕಿಕೊಂಡ ಕತ್ತೆಯ ಕಥೆ. ಆ ಪುಸ್ತಕದ ಇನ್ನೊಂದು ಪ್ರತಿ ತಂದು ಕೊಟ್ಟರು ಟೀಚರಕ್ಕ. ಅಂದಿನಿಂದ ಇಂದಿನವರೆಗೂ ಬ್ಯಾರಕ್ಕಿನಲ್ಲಿ ಆ ಕತ್ತೆಯದೇ ಮೆರವಣಿಗೆ. ಆಚೆ ಮಂಚದವರಿಗೂ ಕಥೆ ಬಾಯಿಪಾಠ.

ಹತ್ತಕ್ಕೆ ಐದು ನಿಮಿಷವಿದೆ. ಮಕ್ಕಳ ಭೇಟಿಗೆ ಗಾಜಿನ ಅಡ್ಡಗೋಡೆ ಇರುವುದಿಲ್ಲ, ಮೇಜು ಕುರ್ಚಿ ಹಾಕಿದ ಹಾಲ್ ಇದೆ. ಟೀಚರಕ್ಕನೂ ನಾನೂ ಹೊರಗಿನ ವರಾಂಡದ ಕಿಟಕಿಯಲ್ಲಿ ನಿಂತಿದ್ದೇವೆ. ಒಳಗೆ ಲಾರಿ ಒಗೆದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿ, ಸಂದರ್ಶನಕ್ಕೆ ಬಂದವನಂತೆ ನೆಟ್ಟಗೆ ಕೂತಿದ್ದಾನೆ.

ಬಾಗಿಲು ತೆರೆಯುತ್ತದೆ. ಎರಡು ಜಡೆಯ ಹುಡುಗಿ ಅಜ್ಜಿಯ ಕೈ ಕೊಸರಿಕೊಂಡು ಓಡಿಬಂದು ಅಪ್ಪನ ಹೊಟ್ಟೆಗೆ ಡಿಕ್ಕಿ ಹೊಡೆಯುತ್ತಾಳೆ. ಕೂತದ್ದೇ ಚೀಲದಿಂದ ಪುಸ್ತಕ ತೆಗೆಯುತ್ತಾಳೆ. ಲಾರಿ ಗಂಟಲು ಸರಿಮಾಡಿಕೊಳ್ಳುತ್ತಾನೆ.

"ಕೊಡಮ್ಮ, ಇವತ್ತು ನಾನು ಓದ್ತೀನಿ. ಕತ್ತೆ ಪಾಠ ಎಲ್ಲಿ?"

"ಕತ್ತೆ ಆಗೋಯ್ತಪ್ಪಾ! ಅದು ಹಳೇದು. ಇವತ್ತು ಇದು ಓದು." ಹುಡುಗಿ ಪಟಪಟನೆ ಹಾಳೆ ತಿರುವಿ ಬೇರೆಯದೇ ಪಾಠ ತೆರೆದು ಅವನ ಮುಂದೆ ನೂಕುತ್ತಾಳೆ.

ನನ್ನ ಪಕ್ಕದಲ್ಲಿ ಟೀಚರಕ್ಕ ಕಿಟಕಿಯ ಸರಳು ಹಿಡಿದುಕೊಳ್ಳುತ್ತಾರೆ. "ಅಯ್ಯಯ್ಯೋ" ಎನ್ನುತ್ತಾರೆ, ಉಸಿರಿನಲ್ಲೇ. ಒಳಗೆ ಲಾರಿ ಪುಟ ನೋಡುತ್ತಾನೆ, ಬಾಗಿಲು ನೋಡುತ್ತಾನೆ, ಮತ್ತೆ ಪುಟ ನೋಡುತ್ತಾನೆ. ಅವನ ಬಲಗೈ ಮೆಲ್ಲನೆ ಕಣ್ಣಿನ ಕಡೆಗೆ ಏಳುತ್ತದೆ. ಕಣ್ಣು ಉರಿ ಎನ್ನಲಿದ್ದಾನೆ. ಅರ್ಧಕ್ಕೆ ಬಂದ ಕೈ ಮತ್ತೆ ಮೇಜಿಗೆ ಇಳಿಯುತ್ತದೆ. ತೋರುಬೆರಳು ಮೇಜಿನ ಮೇಲೆ ಸುತ್ತತೊಡಗುತ್ತದೆ. ಒಂದು ಸುತ್ತು, ಒಂದು ಬಳುಕು, ಒಂದು ಗೀರು. ಹಿಟ್ಟಿಲ್ಲದೆಯೇ ಅವನು ಅಕ್ಷರ ಮಾಡುತ್ತಿದ್ದಾನೆ!

"ಗಾ... ಳಿ. ಗಾಳಿ. ಬೀ... ಸಿ... ತು. ಗಾಳಿ ಬೀಸಿತು."

ಟೀಚರಕ್ಕ ನನ್ನ ತೋಳು ಹಿಡಿದಿದ್ದಾರೆ. ನೋಯುವಷ್ಟು ಬಿಗಿಯಾಗಿ.

"ಅಜ್ಜನ... ಕೊಡೆ... ಮೇಲೆ ಹಾ... ರಿ... ತು. ಬೆ... ಬೆಕ್ಕು! ಬೆಕ್ಕು ಅದರ ಹಿ... ಡಿಗೆ... ಜೋತುಬಿ... ತ್ತು. ಜೋತುಬಿತ್ತು!" ಬೆಕ್ಕು ಕೊಡೆಗೆ ಜೋತುಬಿದ್ದದ್ದು ತಿಳಿದು ಲಾರಿಯೇ ಮೊದಲು ನಗುತ್ತಾನೆ. ಕಥೆ ಅವನಿಗೂ ಹೊಸದು. ಹುಡುಗಿಯೂ ನಗುತ್ತಾಳೆ. "ಊರಿನವರಿಗೆಲ್ಲ ಆ... ಆ..."

ಬೆರಳು ನಿಲ್ಲುತ್ತದೆ. ಅಲ್ಲಿರುವ ಮಾತು 'ಆಶ್ಚರ್ಯ'. ಎರಡೆರಡು ಒತ್ತಕ್ಷರ. ಲಾರಿಯ ಹಣೆ ಬೆವರುತ್ತದೆ. ಹುಡುಗಿ ತಲೆ ಓರೆ ಮಾಡಿ ಅವನನ್ನು ನೋಡುತ್ತಾಳೆ. ವರಾಂಡದವರೆಗೂ ಅವಳ ದನಿ ಸ್ಪಷ್ಟವಾಗಿ ಕೇಳುತ್ತದೆ.

"ಅಪ್ಪಾ, ನಿಂಗೆ ಓದೋಕೆ ಬರಲ್ವಾ?"

ಅಜ್ಜಿ ಮುಖ ಬೇರೆ ಕಡೆ ತಿರುಗಿಸುತ್ತಾರೆ. ಲಾರಿ ಒಂದು ಕ್ಷಣ ಕಣ್ಣು ಮುಚ್ಚಿ ತೆರೆಯುತ್ತಾನೆ.

"ಬರ್ತಿರ್ಲಿಲ್ಲ ಪುಟ್ಟೀ. ಕಣ್ಣು ಉರಿ ಅಂದಿದ್ದೆಲ್ಲ ಸುಳ್ಳು. ಈಗ ಕಲೀತಾ ಇದೀನಿ."

ಹುಡುಗಿ ಯೋಚಿಸುತ್ತಾಳೆ. ಆಮೇಲೆ ಕುರ್ಚಿಯಿಂದ ಇಳಿದು, ಮೇಜು ಸುತ್ತಿ ಬಂದು, ಅಪ್ಪನ ತೊಡೆಯೇರಿ ಕೂರುತ್ತಾಳೆ. "ಇದು ನಂಗೂ ಕಷ್ಟ. ನಿನ್ನೆ ಮಿಸ್ ಹತ್ರ ಬೈಸ್ಕೊಂಡೆ. ಒಡೆದು ಓದ್ಬೇಕು. ಬೆರಳಿಡು. ಆ... ಶ್ಚ..."

"ಆ... ಶ್ಚ..."

"ರ್ಯ."

"ರ್ಯ. ಆಶ್ಚರ್ಯ. ಊರಿನವರಿಗೆಲ್ಲ ಆಶ್ಚರ್ಯ!" ಲಾರಿ ಅದನ್ನು ಎಷ್ಟು ಜೋರಾಗಿ ಹೇಳುತ್ತಾನೆಂದರೆ ಪಕ್ಕದ ಮೇಜುಗಳವರೆಲ್ಲ ತಿರುಗಿ ನೋಡುತ್ತಾರೆ. ಮೂಲೆಯ ವಾರ್ಡರು ಗದರಲು ಬಾಯಿ ತೆರೆದು, ಕಿಟಕಿಯಲ್ಲಿ ಟೀಚರಕ್ಕನನ್ನು ಕಂಡು ಸುಮ್ಮನಾಗುತ್ತಾರೆ. ಟೀಚರಕ್ಕ ಕನ್ನಡಕ ತೆಗೆದು ಏಪ್ರನ್ನಿಗೆ ಒರೆಸುತ್ತಾರೆ. ಏಪ್ರನ್ನಿನ ತುಂಬ ಹಿಟ್ಟು. ಕನ್ನಡಕ ಮೊದಲಿಗಿಂತ ಮಬ್ಬಾಗುತ್ತದೆ.

ಭೇಟಿ ಮುಗಿಸಿ ಲಾರಿ ಬೇಕರಿಗೆ ಓಡುತ್ತಲೇ ಬರುತ್ತಾನೆ. ಬಾಗಿಲಲ್ಲೇ ಬಿಕಾಂ ಕಾಯುತ್ತಿದ್ದಾನೆ.

"ಬೇರೆ ಪಾಠ ಕೊಟ್ಟುಬಿಟ್ಳು ಕಣೋ!"

"ಬೇರೇದಾ? ಕತ್ತೆ ಅಲ್ವಾ? ಅಯ್ಯೋ, ಏನ್ಮಾಡ್ದೆ?"

"ಓದ್ದೆ!"

"ಓದ್ದ್ಯಾ?"

"ಓದ್ದೆ ಅಂತೀನಲ್ಲಾ! ಬೆಕ್ಕು, ಕೊಡೆ, ಜೋತುಬಿತ್ತು, ಎಲ್ಲಾ ಓದ್ದೆ!" ಬಿಕಾಂ ಅವನನ್ನು ಹಿಟ್ಟಿನ ಕೈಯಲ್ಲೇ ತಬ್ಬಿಕೊಳ್ಳುತ್ತಾನೆ. ಒಗೆದ ಅಂಗಿಯ ಬೆನ್ನ ಮೇಲೆ ಎರಡು ಬಿಳಿ ಅಂಗೈ ಮೂಡುತ್ತವೆ. ಒಳಗಿದ್ದವರೆಲ್ಲ ತಟ್ಟೆ ಬಡಿಯತೊಡಗುತ್ತಾರೆ. ಈ ಸಲ ಯಾರೂ ಶಿಳ್ಳೆ ಊದುವುದಿಲ್ಲ.

ಮಧ್ಯಾಹ್ನ ಜೈಲಿನ ಮೂರು ಗೇಟುಗಳನ್ನೂ ದಾಟಿ ಹೊರಗೆ ಬಂದು ಟೀಚರಕ್ಕ ಬಸ್ಸಿಗೆ ಕಾಯುತ್ತಾರೆ. ನಿಮ್ಮ ಹತ್ತಿರ ಕಲಿತು ಹೊರಗೆ ಹೋದವರು ಆಮೇಲೆ ಸಿಗುತ್ತಾರಾ ಎಂದು ಕೇಳುತ್ತೇನೆ.

"ಸಿಕ್ರೂ ಸಿಗಲ್ಲ" ಎನ್ನುತ್ತಾರೆ. "ಹೇಗೆ ಮಾತಾಡಿಸ್ತಾರೆ ಪಾಪ? ಈ ಟೀಚರು ಯಾರು, ಎಲ್ಲಿ ಓದ್ದೆ ಅಂತ ಜೊತೇಲಿರೋರು ಕೇಳ್ತಾರಲ್ಲ. ಅದಕ್ಕೇ ನಾನೇ ಮುಖ ತಿರುಗಿಸ್ಕೊಂಡ್ಬಿಡ್ತೀನಿ. ಅವರಿಗೆ ಮುಜುಗರ ಆಗ್ಬಾರ್ದು."

ಬಸ್ಸು ಬರುವ ದಾರಿ ನೋಡುತ್ತಾ ಮತ್ತೆ ಹೇಳುತ್ತಾರೆ: "ಹೋದ ತಿಂಗಳು ಬಸ್ಸಲ್ಲಿ ಒಬ್ಬ ಇದ್ದ. ಹೆಂಡ್ತಿ ಪಕ್ಕದಲ್ಲಿ, ತೊಡೆ ಮೇಲೆ ಮಗು. ನನ್ನ ನೋಡ್ದ, ನಾನೂ ನೋಡ್ದೆ. ಕಿಟಕಿ ಕಡೆ ತಿರುಗಿ ಕೂತೆ. ಒಂದೆರಡು ನಿಮಿಷ ಬಿಟ್ಟು ಹಿಂದಿನಿಂದ ಅವನ ದನಿ ಕೇಳಿಸ್ತು. ಮಗೂಗೆ ಬೀದಿ ಅಂಗಡಿ ಬೋರ್ಡೆಲ್ಲ ಓದಿ ಹೇಳ್ತಿದ್ದ. ಔಷಧಿ ಅಂಗಡಿ, ಬಟ್ಟೆ ಅಂಗಡಿ, ಕೊಡೆ ರಿಪೇರಿ, ಒಂದನ್ನೂ ಬಿಡ್ಲಿಲ್ಲ. 'ಯಾಕ್ರೀ ಇಷ್ಟು ಜೋರಾಗಿ ಓದ್ತೀರಿ, ಮಗೂಗೆ ಕಿವಿ ಕೇಳ್ಸುತ್ತೆ' ಅಂತ ಹೆಂಡ್ತಿ ಬೈದ್ಳು. ಅವನು ಇನ್ನೂ ಜೋರಾಗಿ ಓದ್ದ."

ಬಸ್ಸು ಬರುತ್ತದೆ. ಟೀಚರಕ್ಕ ಹತ್ತುತ್ತಾ, ತಿರುಗಿ, ಮಾತು ಮುಗಿಸುತ್ತಾರೆ.

"ನನ್ನ ಸ್ಟಾಪು ಬಂದ್ರೂ ಇಳೀಲಿಲ್ಲ ನಾನು. ಅವನು ಓದೋದು ಮುಗೀಲಿ ಅಂತ ಕೂತಿದ್ದೆ."